ಮರಳಿಗೆ ಹೊರಡದ ಕಾರು

ಈಗಿನ ಜನ ಕಾರು ಚಾಲೂ ಆದರೆ ಬೆರಗಾಗುವುದಿಲ್ಲ. ಕೀಲಿ ತಿರುವುತ್ತಾರೆ, ಅದು ಗುರ್ ಎನ್ನುತ್ತದೆ, ಇವರು ಬೇರೇನೋ ಮಾತಾಡಿಕೊಳ್ಳುತ್ತ ಹೋಗಿಬಿಡುತ್ತಾರೆ. ನಾನು ಮಾತ್ರ ಹಿಂದಿನ ಸೀಟಿನಲ್ಲಿ ಉಸಿರು ಹಿಡಿದು ಕೂತು, ಆ ಸದ್ದು ನಡುವೆ ಸಾಯದೆ ಮುಂದುವರಿಯುತ್ತದೆಯೇ ಎಂದು ಕಾಯುತ್ತೇನೆ. ಮೊಮ್ಮಕ್ಕಳು ಕನ್ನಡಿಯಲ್ಲಿ ನನ್ನ ಮುಖ ನೋಡಿ ನಗುತ್ತಾರೆ. ನಗಲಿ. ಕಾರಿನಿಂದ ನಾನು ತಿಂದಷ್ಟು ಆಘಾತ ಅವರು ತಿಂದಿಲ್ಲ. ಆಘಾತ ಎಂದರೆ ಬಿದ್ದು ಪೆಟ್ಟಾದದ್ದಲ್ಲ. ಆ ಭಾಗ್ಯ ನಮ್ಮ ಯಜಮಾನರದು. ನನ್ನದು ನಿಂತ ಕಾರಿನ ಪಕ್ಕದಲ್ಲಿ ನಿಂತೇ ಆದದ್ದು.

ಯುದ್ಧ ಶುರುವಾಗಿ ಪೆಟ್ರೋಲಿಗೆ ರೇಷನ್ ಚೀಟಿ ಬರುವುದಕ್ಕೆ ಸ್ವಲ್ಪ ಮೊದಲಿನ ಮಾತು. ನಾವು ಕೊಪ್ಪಳದಲ್ಲಿದ್ದೆವು. ನಮ್ಮ ಯಜಮಾನರು ವಕೀಲರು. ನಿಜಾಮರ ಕಾಲ; ಕೋರ್ಟಿನ ಕಾಗದವೆಲ್ಲ ಉರ್ದು, ಜಗಳವೆಲ್ಲ ಕನ್ನಡ. ಇವರು ಶೇರವಾನಿ ತೊಟ್ಟು ಅಲ್ಲಿ ಉರ್ದುವಿನಲ್ಲಿ ವಾದ ಮಾಡಿ, ಮನೆಗೆ ಬಂದು ಅದೇ ವಾದವನ್ನು ಕನ್ನಡದಲ್ಲಿ ನನಗೆ ಇನ್ನೊಮ್ಮೆ ಒಪ್ಪಿಸುತ್ತಿದ್ದರು. ನಾನು ಒಪ್ಪಿಕೊಂಡರೆ ಕೇಸು ಗೆದ್ದಷ್ಟೇ ಸಂತೋಷ. ರೈಲ್ವೆಯ ಅಧಿಕಾರಿಯೊಬ್ಬ ವರ್ಗವಾಗಿ ಹೋಗುವಾಗ ತನ್ನ ಹಳೆಯ ಕಾರನ್ನು ಇವರಿಗೆ ಮಾರಿ ಹೋದ. ಕಪ್ಪು ಬಣ್ಣ, ತಲೆಯ ಮೇಲೆ ಮಡಚುವ ಕಿತ್ತಾನಿನ ಹೊದಿಕೆ, ಮೂಗಿನ ಕೆಳಗೆ ಹ್ಯಾಂಡಲ್ ತೂರಿಸಲು ಒಂದು ತೂತು. ಅಂಗಳದ ಬೇವಿನ ಗಿಡದ ಕೆಳಗೆ ಅದು ಬಂದು ನಿಂತಾಗ ನಾನು ಆರತಿ ಎತ್ತಿದೆ. ನಮ್ಮ ಅತ್ತೆ ಬಸವ್ವನವರು ಪಡಸಾಲೆಯಿಂದ ಇಳಿಯದೆ ದೂರದಿಂದಲೇ ನೋಡಿ, ‘ಇದಕ್ಕ ಮೇವು ಏನು?’ ಎಂದು ಕೇಳಿದರು. ಅದರ ಬಗ್ಗೆ ಅವರು ಅಂದು ಕೇಳಿದ್ದು ಅದೊಂದೇ.

ಹ್ಯಾಂಡಲ್ ತಿರುವುವ ಕೆಲಸಕ್ಕೆ ಜಟಕಾದ ಖಾಸೀಮ ಸಾಹೇಬರು ಒದಗಿದರು. ನಮ್ಮ ಓಣಿಯ ತುದಿಯಲ್ಲೇ ಅವರ ಮನೆ. ಕಾರು ಬಂದದ್ದರಿಂದ ಅವರ ಒಂದು ಗಿರಾಕಿ ಹೋಯಿತಲ್ಲ ಎಂದು ನಾನು ಮರುಗಿದರೆ ಅವರಿಗೇ ಸಮಾಧಾನವಿತ್ತು. ‘ಕಾರ್ ಇದ್ದ ಮನಿಗೆ ಜಟಕಾ ಹೆಚ್ಚಿಗಿ ಬೇಕಾಗತೈತ್ರಿ ಅಮ್ಮಾ, ನೋಡ್ತಿರ್ರಿ’ ಎಂದರು. ನಾನು ನೋಡುತ್ತ ಹೋದೆ. ಅವರ ಮಾತು ಮೊದಲ ತಿಂಗಳಲ್ಲೇ ನಿಜವಾಯಿತು.

ಆದರೂ ನಾನು ಆ ಕಾರಿಗೆ ಅನ್ಯಾಯ ಮಾಡಬಾರದು. ಅದು ಹೊರಡಲು ಹಿಂದೆಮುಂದೆ ನೋಡುತ್ತಿತ್ತು, ಆದರೆ ಕೊನೆಗೆ ಹೊರಡುತ್ತಿತ್ತು. ನಮ್ಮ ಕಡೆ ಇಂಥದ್ದಕ್ಕೆ ‘ಗಾಡಿ ಒಲ್ಲೆ ಅಂತೈತಿ’ ಎನ್ನುತ್ತಾರೆ. ಈ ‘ಒಲ್ಲೆ’ ಎಂಬ ಶಬ್ದದ ಮೇಲೆ ಇವರು ಒಮ್ಮೆ ಊಟಕ್ಕೆ ಕೂತಾಗ ಒಂದು ವ್ಯಾಖ್ಯಾನವನ್ನೇ ಮಾಡಿದ್ದರು. ಉರ್ದುವಿನ ಅರ್ಜಿಯಲ್ಲಿ ಇದನ್ನು ಬರೆಯುವುದು ಬಲು ಕಷ್ಟವಂತೆ. ‘ಇನ್ಕಾರ್’ ಎಂದು ಬರೆದರೆ ಯಾರೋ ಏನನ್ನೋ ಕೇಳಿ ಇನ್ನೊಬ್ಬರು ನಿರಾಕರಿಸಿದಂತಾಗುತ್ತದೆ. ‘ಆಗುವುದಿಲ್ಲ’ ಎಂದರೆ ಶಕ್ತಿಯಿಲ್ಲ ಎಂದಂತೆ. ಒಲ್ಲೆ ಎಂಬುದರಲ್ಲಿ ಶಕ್ತಿ ಇದೆ, ಮನಸ್ಸಿಲ್ಲ. ಯಾರೂ ಕೇಳದಿದ್ದರೂ ಒಲ್ಲೆ ಎನ್ನಬಹುದು, ಒಳಗೊಳಗೇ. ಇಷ್ಟು ಹೇಳಿ ಇವರು ಇನ್ನೊಂದು ರೊಟ್ಟಿ ಒಲ್ಲೆ ಎಂದು ಕೈತೊಳೆದರು. ಇಷ್ಟು ಚೆನ್ನಾಗಿ ಶಬ್ದದ ಅರ್ಥ ಬಲ್ಲವರು ಮನೆಯೊಳಗೆ ಅದು ಕೇಳಿಬಂದಾಗ ಗುರುತಿಸದೆ ಹೋದರಲ್ಲ ಎಂಬುದು ನನಗೆ ಈಗಲೂ ಸೋಜಿಗ. ನಾನೂ ಗುರುತಿಸಲಿಲ್ಲ, ಆ ಮಾತು ಬೇರೆ.

ನನ್ನ ನಾದಿನಿ ನೀಲವ್ವ ಆ ವರ್ಷ ಯುಗಾದಿಗೆ ತವರಿಗೆ ಬಂದಿದ್ದಳು. ಗಂಗಾವತಿ ಹತ್ತಿರದ ಮರಳಿಯ ಗೌಡರ ಮನೆಗೆ ಅವಳನ್ನು ಕೊಟ್ಟಿತ್ತು. ಹಳೆಯ ಕಾಲುವೆಯ ನೀರಾವರಿ, ಭತ್ತದ ಗದ್ದೆ, ತುಂಬಿದ ಮನೆ. ಜೋಳ ತಿನ್ನುವ ನಮ್ಮ ಸೀಮೆಯಲ್ಲಿ, ದಿನಾ ಅನ್ನ ಉಣ್ಣುವ ಮನೆ ಎಂದೇ ಅದು ಹೆಸರಾಗಿತ್ತು. ನೀಲವ್ವ ಮೊದಲು ಮಾತಿನ ಮಲ್ಲಿ. ಈ ಸಲ ಬಂದವಳು ಬಚ್ಚಲ ಕಡೆ, ಹಿತ್ತಲ ಕಡೆ, ನೀರಿನ ಕೊಡಗಳ ಕಡೆ ಸುಮ್ಮನೆ ಓಡಾಡಿಕೊಂಡಿದ್ದಳು. ಗೌಡರ ಮನೆಯ ಸೊಸೆಯಾದ ಮೇಲೆ ಗಾಂಭೀರ್ಯ ಬಂತೆಂದು ನಾನು ತಿಳಿದೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನನಗೆ ಇಷ್ಟು ವರ್ಷವಾದರೂ ಅದು ಬಂದಿರಲಿಲ್ಲ.

ಒಂದು ರಾತ್ರಿ ಊಟದ ಹೊತ್ತಿಗೆ ಅತ್ತೆ ಮಗನಿಗೆ ಮಜ್ಜಿಗೆ ಬಡಿಸುತ್ತ, ‘ತಮ್ಮಾ, ನೀಲಾ ದಸರಾ ತನಕ ಇಲ್ಲೇ ಇರಲೇನು?’ ಎಂದು ಕೇಳಿದರು.

‘ಕೊಟ್ಟ ಹೆಣ್ಣವ್ವಾ. ನಾವ ಕಳಿಸಿದ್ರ ಮರ್ಯಾದಿ. ಅಕಿ ಗಂಡ ಕಾಯದೇಶೀರ ಕರಕೊಂಡು ಹೋಗಾಕ ಬಂದ್ರ ಏನಂತ ಹೇಳೋದು?’ ಎಂದರು ಇವರು.

‘ಅದೂ ಖರೇನ ಅನ್ನು’ ಎಂದು ಅತ್ತೆ ಮಜ್ಜಿಗೆಯ ಚರಿಗೆಯನ್ನು ಒಳಗಿಟ್ಟರು. ಮರುದಿನದಿಂದ ಮಗಳನ್ನು ಕಳಿಸುವ ಗಡಿಬಿಡಿಯೆಲ್ಲ ಅವರದೇ. ಶೇಂಗಾ ಹೋಳಿಗೆ ಮಾಡಿಸಿದರು, ರೊಟ್ಟಿ ತಟ್ಟಿಸಿದರು, ಬುತ್ತಿ ಕಟ್ಟಿದರು. ‘ಗಂಡನ ಮನಿಗೆ ಹೋಗಾಕ ಹಿಂಗ ಮುಖ ಮಾಡಬಾರದು, ಏಳು’ ಎಂದು ನೀಲವ್ವನನ್ನು ಗದರಿದರು. ನನಗೆ ಅತ್ತೆಯ ಮೇಲೆ ಸಿಟ್ಟು ಬಂದು, ಹೋಳಿಗೆಗೆ ಬೆಲ್ಲ ಹೆಚ್ಚೇ ಹಾಕಿದೆ.

ಹೊರಡುವ ಬೆಳಿಗ್ಗೆ ನೀಲವ್ವ ಹಿಂದಿನ ಸೀಟಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಖಾಸೀಮ ಸಾಹೇಬರು ಹ್ಯಾಂಡಲ್ ತಿರುವಿದರು. ಕಾರು ಮಾತಾಡಲಿಲ್ಲ. ಮತ್ತೆ ತಿರುವಿದರು. ಮೊದಲೆಲ್ಲ ಅದು ಕೆಮ್ಮುತ್ತಿತ್ತು, ಸೀನುತ್ತಿತ್ತು, ಏನಾದರೂ ಒಂದು ಸದ್ದು ಮಾಡಿ ಮರ್ಯಾದೆ ಉಳಿಸುತ್ತಿತ್ತು. ಅಂದು ಅದೂ ಇಲ್ಲ.

ಇವರು ಶೇರವಾನಿಯ ತೋಳು ಮೇಲೇರಿಸಿ ವಿಚಾರಣೆ ಶುರು ಮಾಡಿದರು. ಮೊದಲ ಸಾಕ್ಷಿ ಪೆಟ್ರೋಲು. ಕೊಳವೆ ಬಿಚ್ಚಿದರೆ ಧಾರಾಳವಾಗಿ ಬಂತು. ಎರಡನೆಯದು ಪ್ಲಗ್ಗುಗಳು. ಅವನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು ಒಲೆಯ ಕೆಂಡದ ಮೇಲೆ ಕಾಯಿಸಿ ತರಲು ಹೇಳಿದರು. ರೊಟ್ಟಿ ಹೆಂಚಿನ ಪಕ್ಕದಲ್ಲಿ ಅವನ್ನಿಟ್ಟು ನಾನು ಕಾಯಿಸಿದೆ. ಆ ದಿನದ ರೊಟ್ಟಿಗೆ ಒಂದು ಥರದ ವಾಸನೆ ಬಂತು. ಬಿಸಿ ಪ್ಲಗ್ಗು ಹಾಕಿದರೂ ಕಾರು ಏಳಲಿಲ್ಲ. ಆಮೇಲೆ ಒಂದು ತಂತಿಯ ತುದಿಯನ್ನು ಕಬ್ಬಿಣದ ಹತ್ತಿರ ಹಿಡಿದು, ಖಾಸೀಮರಿಗೆ ತಿರುವಲು ಹೇಳಿ, ಬಗ್ಗಿ ನೋಡಿದರು. ‘ಕಿಡಿ ಬರವಲ್ದು’ ಎಂದರು, ಮನೆಯಲ್ಲಿ ಯಾರಿಗೋ ಕಾಯಿಲೆ ಬಿದ್ದ ದನಿಯಲ್ಲಿ.

ಅಷ್ಟರಲ್ಲಿ ಓಣಿಯ ಜನವೆಲ್ಲ ಅಂಗಳದಲ್ಲಿತ್ತು. ಹಕೀಮರು ಮುಂದಿನ ಜಾಲರಿಯ ಮೇಲೆ ಅಂಗೈ ಇಟ್ಟು ನೋಡಿ ಪಿತ್ತ ಎಂದರು. ಮಠದ ಅಯ್ಯನವರು ವಿಭೂತಿ ಹಚ್ಚಿದರು. ಖಾಸೀಮ ಸಾಹೇಬರು ಬೆವರು ಒರೆಸಿಕೊಳ್ಳುತ್ತ, ‘ಕುದುರಿ ಆಗಿದ್ರ ನಾ ಹೇಳ್ತಿದ್ದೆ ನೋಡ್ರಿ. ಒಮ್ಮೊಮ್ಮೆ ಅದಕ್ಕ ಹೋಗೋ ಊರು ಮನಸಿಗೆ ಬರೂದಿಲ್ಲ’ ಎಂದರು. ಎಲ್ಲರೂ ನಕ್ಕರು. ನೀಲವ್ವ ಇನ್ನೂ ಕಾರಿನೊಳಗೇ ಕೂತಿದ್ದಳು. ಇಷ್ಟು ಜನ ಕಾರಿನ ಮುಖ ನೋಡುತ್ತಿದ್ದರಲ್ಲ, ಕಾರಿನೊಳಗಿನ ಮುಖವನ್ನು ಯಾರೂ ನೋಡಲಿಲ್ಲ.

‘ಒಳ್ಳೆ ಹೊತ್ತು ಮೀರಿತು. ಇನ್ನ ಇವತ್ತ ಬ್ಯಾಡ’ ಎಂದು ಅತ್ತೆ ನಿಟ್ಟುಸಿರು ಬಿಟ್ಟರು. ಬುತ್ತಿಯನ್ನು ನಾವೇ ಬಿಚ್ಚಿ ಉಂಡೆವು.

ಮಧ್ಯಾಹ್ನ ಬಿಸಿಲು ನೆತ್ತಿಗೇರಿದಾಗ ಇವರು ಸೋಲೊಪ್ಪದೆ ಮತ್ತೆ ಆ ತಂತಿ ಹಿಡಿದರು. ಕಿಡಿ ಬರುವುದಿಲ್ಲವೆಂಬ ಪೂರ್ಣ ನಂಬಿಕೆಯಿಂದ ತುದಿಯನ್ನೇ ಬೆರಳಲ್ಲಿ ಹಿಡಿದಿದ್ದರು. ಖಾಸೀಮರು ತಿರುವಿದ್ದೇ ತಡ, ಇವರು ‘ಹಾ’ ಎಂದು ಒಂದು ಕೂಗು ಹಾಕಿ, ಹಿಂದಕ್ಕೆ ಹಾರಿ, ಎಮ್ಮೆಯ ಗೋದಲಿಯಲ್ಲಿ ಮೇವಿನ ಮೇಲೆ ಕೂತುಬಿಟ್ಟರು. ನಾನು ಗಾಬರಿಯಾಗಿ ಓಡಿದರೆ ಅವರ ಮುಖದಲ್ಲಿ ಆನಂದ. ‘ಕಿಡಿ ಬಂತು’ ಎಂದರು. ತಂತಿ ಜೋಡಿಸಿ ತಿರುವಿದರೆ ಕಾರು ಒಂದೇ ಸಲಕ್ಕೆ ಎದ್ದಿತು. ಏನೂ ಆಗಿರಲೇ ಇಲ್ಲವೆಂಬಂತೆ ನಡುಗುತ್ತ ನಿಂತಿತು.

ಆಮೇಲೆ ಅದೇ ಕಾರು ಯಲಬುರ್ಗಾದ ಕಚೇರಿಗೆ ಹೋಗಿಬಂತು. ನನ್ನನ್ನು ಕುಷ್ಟಗಿಯ ತವರಿಗೂ ಕರೆದೊಯ್ದು ಕರೆತಂತು. ಇವರು ಅದನ್ನು ಕ್ಷಮಿಸಿದರು. ಮುಂದಿನ ವಾರ ಮರಳಿಗೆಂದು ಮತ್ತೆ ಬುತ್ತಿ ಕಟ್ಟಿದೆವು, ನೀಲವ್ವ ಮತ್ತೆ ಗಂಟು ಹಿಡಿದು ಕೂತಳು, ಕಾರು ಮತ್ತೆ ಕಲ್ಲಾಯಿತು.

ಈ ಸಲ ಇವರು ಕಿಡಿಯ ಜಾಡು ಹಿಡಿದು ಹೋದರು. ಇಂಜಿನ್ನಿನ ಮೇಲೆ ಒಂದು ಕರಿಯ ಡಬ್ಬಿ ಇರುತ್ತಿತ್ತು. ಕಿಡಿಯನ್ನು ಒಂದೊಂದು ಪ್ಲಗ್ಗಿಗೂ ಸರದಿಯಂತೆ ಹಂಚುವುದು ಅದರ ಕೆಲಸ. ಅದರ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿದರು. ಬೆರಳನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಬೆರಳು ಒದ್ದೆಯಾಗಿತ್ತು.

ಮಳೆಗಾಲದಲ್ಲಿ ಆಗಿದ್ದರೆ ಅದು ಸೋಜಿಗವಲ್ಲ. ಹೋದ ಮಳೆಗಾಲದಲ್ಲಿ ಒಮ್ಮೆ ಹೀಗಾಗಿ, ಇವರೇ ಅದನ್ನು ಒರೆಸಿ ಸರಿಮಾಡಿದ್ದರು. ಆದರೆ ಇದು ಕೊಪ್ಪಳದ ಬೇಸಿಗೆ. ಹಗ್ಗದ ಮೇಲೆ ಹಾಕಿದ ಧೋತರ, ಇನ್ನೊಂದು ತುದಿ ಹರಡುವುದರೊಳಗೆ ಈ ತುದಿ ಒಣಗುವ ಕಾಲ. ಮಂಜಿಲ್ಲ, ಮಳೆಯಿಲ್ಲ, ಮುಚ್ಚಳದೊಳಗೆ ನೀರು ಎಲ್ಲಿಂದ ಬಂತು? ಹಿಂದಿನ ಸಲ ಮಧ್ಯಾಹ್ನದ ಹೊತ್ತಿಗೆ ಅದು ತಾನೇ ಎದ್ದದ್ದು ಯಾಕೆಂದು ಈಗ ತಿಳಿಯಿತು, ಒಣಗಿ ಎದ್ದಿತ್ತು. ಒದ್ದೆಯಾದದ್ದು ಯಾಕೆಂದು ಮಾತ್ರ ತಿಳಿಯಲಿಲ್ಲ. ಇವರು ಅಂಗಳವನ್ನೆಲ್ಲ ದಿಟ್ಟಿಸಿ ನೋಡಿದರು. ಕೊನೆಗೆ ಆ ದೃಷ್ಟಿ ನನ್ನ ಮೇಲೆ ಬಂದು ನಿಂತಿತು.

‘ಮುಂಜಾನೆ ಅಂಗಳಕ್ಕ ಛಳೆ ಹೊಡಿಯೋರು ಯಾರು?’

‘ನಾನು.’

‘ನೀರು ಎಷ್ಟು ಎತ್ತರದಿಂದ ಉಗ್ಗತಿ?’

ಓಣಿಯ ಜನರ ಮುಂದೆ ನಾನು ಆರೋಪಿಯಾದೆ. ಮುಚ್ಚಿದ ಬಾನೆಟ್ಟಿನೊಳಗೆ, ಮುಚ್ಚಿದ ಡಬ್ಬಿಯೊಳಗೆ ಹೋಗುವಂತೆ ಸಗಣಿ ನೀರು ಚೆಲ್ಲುವ ವಿದ್ಯೆ ನನಗೆ ಗೊತ್ತಿದ್ದರೆ ಬೇರೆ ಏನಾದರೂ ಮಾಡುತ್ತಿದ್ದೆ ಎಂದು ಹೇಳಬೇಕೆಂದಿತ್ತು. ಹಿರಿಯರ ಎದುರು ಹೇಳಲಾಗಲಿಲ್ಲ. ಅತ್ತೆ ಅಲ್ಲೇ ನಿಂತಿದ್ದರು. ‘ಹೋಗ್ಲಿ ಬಿಡು ತಮ್ಮಾ, ಗೊತ್ತಿಲ್ದ ಬಿದ್ದಿರಬೇಕು’ ಎಂದು ನನ್ನ ಪರವಾಗಿ ಕ್ಷಮೆ ಕೇಳಿದರು. ಮಾಡದ ತಪ್ಪಿಗೆ ಶಿಕ್ಷೆಗಿಂತ ಕ್ಷಮೆ ಹೆಚ್ಚು ಉರಿಯುತ್ತದೆ ಎಂಬುದು ನನಗೆ ಅಂದು ಗೊತ್ತಾಯಿತು.

ಆ ವಿಚಾರಣೆ ಮುಗಿಯುವಷ್ಟರಲ್ಲಿ ಒಳ್ಳೆ ಹೊತ್ತು ಮೀರಿ, ಮರಳಿಗೆ ಹೊರಡಲು ಮತ್ತೊಂದು ದಿನ ನಿಗದಿಯಾಯಿತು. ಈ ಸಲ ನನ್ನ ಹೆಸರು ತೊಳೆದುಕೊಳ್ಳಲೇಬೇಕೆಂದು, ಛಳೆ ಹೊಡೆಯುವ ಮೊದಲು ಕಾರಿನ ಮೋರೆಗೆ ಜಮಖಾನ ಹೊದಿಸುವುದೆಂದು ನಿರ್ಧರಿಸಿದೆ. ಬೆಳಗಿನ ಬೆಳಕು ಇನ್ನೂ ಮಸಕಾಗಿತ್ತು. ಜಮಖಾನ ಹೆಗಲ ಮೇಲೆ ಹಾಕಿಕೊಂಡು ಬಾಗಿಲು ದಾಟಿದವಳು ಅಲ್ಲೇ ನಿಂತೆ.

ಕಾರಿನ ಬಾನೆಟ್ಟಿನ ಒಂದು ರೆಕ್ಕೆ ಮೇಲೆದ್ದಿತ್ತು. ಅದರ ಕೆಳಗೆ ಅತ್ತೆ ಬಗ್ಗಿ ನಿಂತಿದ್ದರು. ಕರಿಯ ಡಬ್ಬಿಯ ಎರಡು ಕೊಂಡಿಗಳನ್ನು ಹೆಬ್ಬೆರಳಿನಿಂದ ಟಕ್ಕೆಂದು ಬಿಡಿಸಿದರು. ಮುಚ್ಚಳ ಎತ್ತಿದರು. ಪಕ್ಕದಲ್ಲಿದ್ದ ತಂಬಿಗೆಯಲ್ಲಿ ಬೆರಳದ್ದಿ, ಹಾಲಿಗೆ ಹೆಪ್ಪು ಹಾಕುವಷ್ಟೇ ಜಾಗ್ರತೆಯಿಂದ ನಾಲ್ಕು ಹನಿ ಒಳಗೆ ಬಿಟ್ಟರು. ಮತ್ತೆ ಮುಚ್ಚಳ, ಮತ್ತೆ ಕೊಂಡಿ. ಹೊರಗೆ ಬಿದ್ದ ನೀರನ್ನು ಸೆರಗಿನಿಂದ ಒರೆಸಿದರು. ಈ ಕಾರಿಗೆ ಮೇವು ಏನೆಂದು ಕೇಳಿದ ಹೆಂಗಸು ಇವರೇ ಎಂದು ನನಗೆ ನಂಬಲಾಗಲಿಲ್ಲ. ಜಮಖಾನ ಹೆಗಲಿಂದ ಜಾರಿ ಬಿತ್ತು.

ಅತ್ತೆ ತಿರುಗಿ ನೋಡಿದರು. ಸ್ವಲ್ಪವೂ ಬೆದರಲಿಲ್ಲ.

‘ಬಾಯಿ ಮುಚ್ಚು ಶಾಂತವ್ವ, ನೊಣ ಹೋದಾವು’ ಎಂದರು.

‘ಅತ್ತೀ, ಇದು ನಿಮಗ ಹೆಂಗ ಗೊತ್ತು?’ ಕೇಳಬೇಕಾದ ಪ್ರಶ್ನೆ ಅದಲ್ಲ. ಆದರೆ ನನ್ನ ಬಾಯಿಗೆ ಬಂದದ್ದು ಅದೇ.

‘ಹ್ವಾದ ಮಳಿಗಾಲದಾಗ ನಿನ್ನ ಗಂಡನ ನನಗ ತೋರಿಸಿ ಹೇಳಿದ್ದ. ಅವ್ವಾ, ಇದರಾಗ ಒಂದು ಹನಿ ನೀರು ಹೋದ್ರ ಗಾಡಿ ಏಳಂಗಿಲ್ಲ ನೋಡು, ಅಂತ. ಅಂವ ಹೇಳಿದ್ದನ್ನ ನಾ ಯಾವಾಗೂ ಚಂದಂಗಿ ಕೇಳತೀನಿ.’

‘ಯಾಕ್ರೀ ಅತ್ತೀ?’

ಅವರು ತಂಬಿಗೆಯ ಉಳಿದ ನೀರನ್ನು ಬೇವಿನ ಬುಡಕ್ಕೆ ಸುರಿದರು. ‘ನೀಲಾ ಬಂದ ದಿನ ಎಣ್ಣಿ ಹಚ್ಚಿ ಎರದ್ನೆಲ್ಲಾ, ಆವಾಗ ಬೆನ್ನು ನೋಡೀನಿ. ಬರಿ ಅದಾವು. ಕಬ್ಬಿಣ ಕಾಸಿ ಎಳದಾವು. ಹಳೇವೂ ಅದಾವು, ಹಸೀವೂ ಅದಾವು. ಯಾರು ಅಂತ ಕೇಳಿದ್ರ ಒಲಿ ಮುಂದ ಬಿದ್ನಿ ಅಂತಾಳ. ಬೆನ್ನು ಮಾಡಿ ಒಲ್ಯಾಗ ಬೀಳ್ತಾರೇನು?’

ಅವಳ ಮೌನಕ್ಕೆ ಗಾಂಭೀರ್ಯವೆಂದು ಹೆಸರಿಟ್ಟು ಹೊಟ್ಟೆಕಿಚ್ಚುಪಟ್ಟವಳು ನಾನು. ‘ಇವರಿಗೆ ಹೇಳಬಾರದಿತ್ತೇನ್ರಿ?’ ಎಂದೆ.

‘ಕಳಿಸೋದು ಬ್ಯಾಡ ಅಂತ ನಿನ್ನ ಮುಂದನ ಹೇಳಿದ್ನೆಲ್ಲ. ಕಾಯದೇ ಹೇಳಿದ. ಬರಿ ಅದಾವು ಅಂದ್ರ ಸಾಕ್ಷಿ ಯಾರು ಅಂತಾನ, ಅಕಿ ಬಾಯಿ ಬಿಡಂಗಿಲ್ಲ. ನಾ ಒಲ್ಲೆ ಅಂದ್ರ ಈ ಮನ್ಯಾಗ ಮಜ್ಜಿಗಿ ಕುಡಕೋತ ಕೇಳತೀರಿ. ಕಾರ್ ಒಲ್ಲೆ ಅಂದ್ರ ಊರಿಗೂರ ಕೂಡತೈತಿ, ಯಾಕ ಒಲ್ಲೆ ಅಂತೈತಿ ಅಂತ ಒಂದೊಂದ ಮೊಳಿ ಬಿಚ್ಚಿ ನೋಡ್ತಾರ.’

ಹಿಂದೆ ಯಾರೋ ಕೆಮ್ಮಿದ ಸದ್ದಾಯಿತು. ಬಾಗಿಲಲ್ಲಿ ಇವರು ನಿಂತಿದ್ದರು. ನಾನು ನೀರುಗ್ಗುವುದನ್ನು ಕೈಯಾರೆ ಹಿಡಿಯಬೇಕೆಂದು ಎದ್ದು ಬಂದವರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರ ಮುಖ ಗೋದಲಿಯಲ್ಲಿ ಬಿದ್ದ ದಿನದಂತೆ ಇರಲಿಲ್ಲ. ಆ ದಿನದ ಪೆಟ್ಟು ಬೆರಳಿಗೆ ತಗಲಿದ್ದು.

ಅವರು ನಮ್ಮಿಬ್ಬರನ್ನೂ ದಾಟಿ ಬಂದು ಬಾನೆಟ್ಟೆತ್ತಿ, ಮುಚ್ಚಳ ತೆಗೆದು, ಉಟ್ಟ ಧೋತರದ ಚುಂಗಿನಿಂದ ಒಳಗೆಲ್ಲ ಒರೆಸತೊಡಗಿದರು. ಇಷ್ಟು ಕೇಳಿದ ಮೇಲೂ ಕಳಿಸುತ್ತಾರೆಯೇ? ಅತ್ತೆ ತಂಬಿಗೆಯನ್ನು ಎದೆಗೊತ್ತಿ ಹಿಡಿದು ನಿಂತಿದ್ದರು. ಒರೆಸಿ ಮುಗಿಸಿ ಇವರು ಒಳಗೆ ಹೋದರು. ನೀಲವ್ವ ಪಡಸಾಲೆಯಲ್ಲಿ ಆಗಲೇ ಸೀರೆ ಉಟ್ಟು, ಗಂಟು ಕಟ್ಟಿಕೊಂಡು ಕೂತಿದ್ದಳು.

‘ನೀಲಾ, ಖರೇ ಏನವ್ವಾ?’ ಎಂದು ಕೇಳಿದರು.

ಏನು ಖರೆ ಎಂದು ಅವಳು ಕೇಳಲಿಲ್ಲ. ತಲೆ ಎತ್ತಲೂ ಇಲ್ಲ. ಗಂಟಿನ ಮೇಲಿದ್ದ ಅವಳ ಬೆರಳುಗಳು ಮಾತ್ರ ಬಿಗಿಯಾದವು. ಇವರು ಎರಡನೆಯ ಪ್ರಶ್ನೆ ಕೇಳಲಿಲ್ಲ. ಎರಡನೆಯ ಪ್ರಶ್ನೆ ಕೇಳದ ನಮ್ಮ ವಕೀಲರನ್ನು ನಾನು ನೋಡಿದ್ದು ಅಂದೇ. ಹೊರಗೆ ಬಂದು, ‘ಅವ್ವಾ, ಏರು. ಶಾಂತಾ, ನೀನೂ ಏರು. ನೀಲಾ ಮನ್ಯಾಗಿರ್ತಾಳ’ ಎಂದರು.

ಖಾಸೀಮರು ಹ್ಯಾಂಡಲ್ ತಿರುವಿದರು. ಕಾರು ತಕ್ಷಣ ಎದ್ದಿತು; ಅವರೂ ಮುಂದೆ ಏರಿ ಕೂತರು.

ಗಂಗಾವತಿ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಹಸಿರು. ನಮ್ಮ ಕಡೆ ಸುಟ್ಟ ಎರೆಹೊಲ ನೋಡಿ ಬಂದ ಕಣ್ಣಿಗೆ ಅದು ತಂಪು. ಅಂದು ನನಗೆ ಆ ಹಸಿರನ್ನು ನೋಡಿದರೇ ಸಂಕಟವಾಯಿತು. ಇಷ್ಟು ನೀರಿರುವ ಊರಲ್ಲಿ ಸುಡುವವರಿರುತ್ತಾರೆ ಎಂದು ಯಾರು ಎಣಿಸಬೇಕು?

ಮರಳಿಯ ಮನೆಯಲ್ಲಿ ನಮಗೆ ಬಹಳ ಮರ್ಯಾದೆಯಾಯಿತು. ಕಾಲಿಗೆ ನೀರು ಕೊಟ್ಟರು, ಜಮಖಾನ ಹಾಸಿದರು, ಬೆಲ್ಲ ತಂದಿಟ್ಟರು. ನೀಲವ್ವನ ಮಾವ ದೊಡ್ಡಗೌಡರು ತಾವೇ ಎದ್ದು ಬಂದು ಕೈಮುಗಿದರು. ಅವಳ ಗಂಡ ಶಿವನಗೌಡ ಕಂಬಕ್ಕೆ ಒರಗಿ ಕೂತಿದ್ದ; ನಗುಮುಖದ ಚೆಲುವ. ಹಾಗಿದ್ದದ್ದೇ ನನಗೆ ದೊಡ್ಡ ಆಘಾತ. ಮುಖದಲ್ಲಿ ಏನಾದರೂ ಇರುತ್ತದೆಂದು ದಾರಿಯುದ್ದಕ್ಕೂ ಊಹಿಸಿಕೊಂಡು ಬಂದಿದ್ದೆ. ಏನೂ ಇರಲಿಲ್ಲ.

‘ಸೊಸಿ ಎಲ್ಲಿ? ಕಾರಿನಾಗ ಅದಾಳೇನು?’ ಎಂದರು ಗೌಡರು.

ಇವರು ಕೊರಳು ಸರಿಮಾಡಿಕೊಂಡು ಶುರು ಮಾಡಿದರು. ಉಭಯ ಮನೆತನಗಳ ಗೌರವ, ಹೆಣ್ಣಿನ ಕಡೆಯವರ ಧರ್ಮ, ಗಂಡಿನ ಕಡೆಯವರ ಧರ್ಮ. ಮುನ್ಸೀಫರ ಮುಂದೆ ಇದು ಬಹಳ ಚೆನ್ನಾಗಿ ನಡೆಯುತ್ತಿತ್ತು. ಅತ್ತೆ ಸ್ವಲ್ಪ ಹೊತ್ತು ಕೇಳಿ, ಮಗನ ಮೊಣಕೈ ಮುಟ್ಟಿ ನಿಲ್ಲಿಸಿದರು.

‘ನಮ್ಮ ನೀಲಾ ಬರಂಗಿಲ್ರಿ ಗೌಡ್ರ. ನಾವು ಕೊಟ್ಟ ಅಕಿ ಹೊಲಿಗಿ ಮಷೀನು ಇಲ್ಲೈತಿ. ಅದನ್ನ ಒಯ್ಯಾಕ ಬಂದೀವಿ.’

‘ಯಾಕಂತ ಕೇಳಬಹುದೇನ್ರಿ?’

‘ನಿಮ್ಮ ಮಗನ್ನ ಕೇಳ್ರಿ. ಇಲ್ಲೇ ಕುಂತಾನ. ನಿಮ್ಮ ಮನಿ ಒಲ್ಯಾಗ ಅಂವ ಏನು ಕಾಸ್ತಾನ ಅಂತ ಕೇಳ್ರಿ.’

ಒಳಗೆ ಅಡಿಗೆಮನೆಯಲ್ಲಿ ಬಳೆಗಳ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಗೌಡರು ಮಗನ ಕಡೆ ತಿರುಗಿದರು. ಶಿವನಗೌಡ ನೆಲ ನೋಡಿದ. ‘ಇಲ್ಲ’ ಎನ್ನಲಿಲ್ಲ, ಅದನ್ನಾದರೂ ಅನ್ನಬಹುದೆಂದು ನಾವೆಲ್ಲ ಕಾದೆವು. ಗೌಡರ ಮೋರೆಯ ಬಣ್ಣ ನೋಡನೋಡುತ್ತಲೇ ಇಳಿಯಿತು. ಅವರಿಗೆ ಮೊದಲು ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಗೊತ್ತಿದ್ದದ್ದು ಇನ್ನೊಬ್ಬರಿಗೂ ಗೊತ್ತಾದಾಗ ಮನುಷ್ಯರ ಮೋರೆ ಹಾಗೆಯೇ ಆಗುತ್ತದೆ. ಆಮೇಲೆ ಆಳಿಗೆ ಹೇಳಿ ಮಷೀನು ಹೊರಗೆ ತರಿಸಿದರು. ನಾವು ಬೆಲ್ಲ ಮುಟ್ಟದೆ ಎದ್ದೆವು.

ಇಲ್ಲಿಗೆ ನಾವು ಹೊರಟು ಬಂದಿದ್ದರೆ ಅದೊಂದು ಘನವಾದ ನಿರ್ಗಮನವಾಗುತ್ತಿತ್ತು. ಪುರಾಣ ಹೇಳುವವರ ಬಾಯಲ್ಲಿ ಸಿಟ್ಟಾದವರು ರಥವೇರಿದರೆ ಮುಗಿಯಿತು, ಧೂಳೆದ್ದಿತೆಂದೇ ಲೆಕ್ಕ. ರಥ ಚಾಲೂ ಆಗಲಿಲ್ಲ, ಇಳಿದು ನೋಡಿದರು ಎಂದು ಯಾವ ಶ್ಲೋಕದಲ್ಲೂ ನಾನು ಕೇಳಿಲ್ಲ. ನಾವು ಸೆರಗು ಬಿಗಿದು, ನೆಟ್ಟಗೆ ಕೂತು, ಮುಂದೆ ನೋಡತೊಡಗಿದೆವು. ಖಾಸೀಮರು ಹ್ಯಾಂಡಲ್ ತಿರುವಿದರು. ಕಾರು ಒಂದು ಸಲ ಬಿಕ್ಕಿ ಸುಮ್ಮನಾಯಿತು.

ಈ ಸಲ ಯಾರ ಕೈವಾಡವೂ ಇರಲಿಲ್ಲ. ನಾನು ಅತ್ತೆಯ ಕಡೆ ನೋಡಿದೆ. ‘ನಾ ಅಲ್ಲ’ ಎಂದು ಅವರು ಪಿಸುಗುಟ್ಟಿದರು. ಖಾಸೀಮರು ತಿರುವಿ ತಿರುವಿ ಸೋತರು. ಇವರು ಇಳಿದು ಬಾನೆಟ್ಟೆತ್ತಿದರು. ಊರ ಜನ ಸೇರಿತು. ಪೆಟ್ರೋಲಿನ ವಾಸನೆ ಘಮ್ಮೆಂದಿತು. ಸಿಟ್ಟಿನ ಭರದಲ್ಲಿ ಇವರು ಚೋಕನ್ನು ಎಳೆದದ್ದು ಎಳೆದೇ ಇಟ್ಟಿದ್ದರು. ಇಂಜಿನ್ನು ಕಂಠಮಟ್ಟ ಪೆಟ್ರೋಲು ಕುಡಿದು ಕೂತಿತ್ತು. ಅದಕ್ಕೆ ಉಪಾಯವೆಂದರೆ ಎರಡು, ಇಲ್ಲಿಯೇ ಕೂತು ಅದು ಆರುವವರೆಗೆ ಕಾಯುವುದು, ಇಲ್ಲವೆ ಹಿಂದಿನಿಂದ ನೂಕಿಸುವುದು. ಯಾವುದನ್ನು ಯಾರಿಗೆ ಹೇಳಬೇಕು? ಇವರು ಬಾನೆಟ್ಟಿನೊಳಗಿಂದ ತಲೆಯನ್ನೇ ಹೊರತೆಗೆಯಲಿಲ್ಲ.

‘ಯಾಕ್ರೀ ವಕೀಲ್ರ, ಮಷೀನು ಯಾಕ ಒಯ್ಯಾಕತ್ತೀರಿ? ನೀಲವ್ವ ಬರಲಿಲ್ಲೇನು?’ ಎಂದು ಗುಂಪಿನಲ್ಲಿ ಒಬ್ಬ ಮುದುಕಿ ಕೇಳಿದಳು. ಇನ್ನೊಬ್ಬಳು ಕಾರಿನೊಳಗೆ ಬಗ್ಗಿ ನಮ್ಮ ಮೋರೆ ನೋಡಿದಳು.

ಅಷ್ಟರಲ್ಲಿ ಕಟ್ಟೆಯ ಮೇಲಿನಿಂದ ದೊಡ್ಡಗೌಡರ ದನಿ ಬಂತು. ‘ಶಿವ್ಯಾ, ಏಳು. ಕಾರು ನೂಕು.’

ಎಲ್ಲರೂ ತಿರುಗಿ ನೋಡಿದರು.

‘ಅದು ಇಲ್ಲಿ ನಿಂತಷ್ಟೂ ಹೊತ್ತು ಮಂದಿ ಕೇಳ್ತಾರ. ನೂಕು ಅಂದ್ನಿ.’

ಇವರು ಬಾನೆಟ್ಟು ಮುಚ್ಚಿ ಸ್ಟೀರಿಂಗ್ ಹಿಡಿದು ಕೂತರು. ಶಿವನಗೌಡ ಇಳಿದು ಬಂದ. ರೇಷ್ಮೆ ರುಮಾಲು ತೆಗೆದು ಒಬ್ಬನ ಕೈಗೆ ಕೊಟ್ಟ. ಆಳುಗಳ ನಡುವೆ ನಿಂತು ಕಾರಿನ ಬೆನ್ನಿಗೆ ಕೈ ಹಚ್ಚಿದ. ನಾನು ತಿರುಗಿ ನೋಡಬಾರದೆಂದುಕೊಂಡೂ ನೋಡಿದೆ. ನನ್ನ ಮತ್ತು ಅತ್ತೆಯ ನಡುವೆ ಹೊಲಿಗೆ ಮಷೀನು, ಅದರ ಹಿಂದೆ ಒಂದು ಮೊಳದ ದೂರದಲ್ಲಿ ಅವನ ಮುಖ, ಬೆವರಿಳಿಯುತ್ತಿತ್ತು. ಅತ್ತೆ ಹಿಂದೆ ನೋಡಲಿಲ್ಲ. ನೇರವಾಗಿ ಕೂತು, ‘ಇನ್ನೊಂದಿಷ್ಟು ಜೋರ್ ಮಾಡ್ರಿ’ ಎಂದರು.

ಓಣಿ ಮುಗಿಯುವ ಹೊತ್ತಿಗೆ ಕಾರು ಒಮ್ಮೆ ದೊಡ್ಡದಾಗಿ ಸೀನಿತು, ಕಪ್ಪು ಹೊಗೆಯನ್ನೆಲ್ಲ ನೂಕುವವರ ಮೋರೆಗೆ ಉಗುಳಿತು, ಎದ್ದಿತು.

ನಿಂತರೆ ಮತ್ತೆ ಏಳುತ್ತದೋ ಇಲ್ಲವೋ ಎಂದು ಇವರು ಕೊಪ್ಪಳದವರೆಗೆ ಎಲ್ಲಿಯೂ ನಿಲ್ಲಿಸಲಿಲ್ಲ. ಗಂಗಾವತಿಯಲ್ಲಿ ಅತ್ತೆಗೆ ನೀರಡಿಕೆಯಾಗಿ ನಾಲಿಗೆ ಒಣಗಿತ್ತು. ನಿಲ್ಲಿಸಲೇನು ಎಂದರೆ ಬೇಡವೆಂದರು. ಒಂದು ಕಡೆ ಇವರು ಕಣ್ಣೊರೆಸಿಕೊಂಡದ್ದನ್ನು ನಾನು ಹಿಂದಿನಿಂದ ಕಂಡೆ. ಖಾಸೀಮ ಸಾಹೇಬರು ಪಕ್ಕದಲ್ಲಿ ಕೂತು, ಧೂಳು ಬಹಳ ಎಂದರು.

ನೀಲವ್ವ ಮುಂದೆ ಮರಳಿಗೆ ಹೋಗಲಿಲ್ಲ. ಜನ ಆಡಿಕೊಂಡರು, ಮರಳಿಯಿಂದ ಹಿರಿಯರು ಎರಡು ಸಲ ರಾಜಿಗೆ ಬಂದರು, ಇವರು ಆಗ ಮಾತ್ರ ತಮ್ಮ ಕಾಯದೆಯನ್ನೆಲ್ಲ ಬೇಕಾದ ಕಡೆಗೆ ಉಪಯೋಗಿಸಿದರು. ಊರ ಪಕ್ಕದ ಭಾಗ್ಯನಗರದ ಹುಡುಗಿಯರಿಗೆ ಅವಳು ಹೊಲಿಗೆ ಕಲಿಸಿದಳು. ಅವಳ ಮಾತಿನ ಮಲ್ಲಿತನ ಎಷ್ಟು ಮರಳಿತೆಂದರೆ, ಇವರು ಕೋರ್ಟಿನ ವಾದ ಒಪ್ಪಿಸಲು ಸರದಿ ಕಾಯಬೇಕಾಯಿತು. ಆದರೆ ಇದೆಲ್ಲ ಆಮೇಲಿನದು. ಆ ಮಧ್ಯಾಹ್ನ ನಾವು ಅಂಗಳಕ್ಕೆ ಬಂದಾಗ ಅವಳು ಬಾಗಿಲಲ್ಲಿ ನಿಂತಿದ್ದಳು. ಬೆಳಿಗ್ಗೆ ಉಟ್ಟ ಪಯಣದ ಸೀರೆಯಲ್ಲೇ ಇದ್ದಳು. ಕಾರಿನಲ್ಲಿ ಯಾರು ಯಾರು ಇದ್ದಾರೆಂದು ದೂರದಿಂದಲೇ ಕಣ್ಣಾಡಿಸಿ ನೋಡುತ್ತಿದ್ದಳೆಂದು ನನಗೆ ತಿಳಿಯಿತು.

ಇವರು ಮಷೀನನ್ನು ತಾವೇ ಎತ್ತಿ ತಂದು ಅವಳ ಮುಂದೆ ಪಡಸಾಲೆಯಲ್ಲಿಟ್ಟರು. ನೀಲವ್ವ ಕೂತು ಮಷೀನಿನ ಗಾಲಿಯನ್ನು ಮೆಲ್ಲಗೆ ತಿರುವಿ ನೋಡಿದಳು. ಅದರ ಸಣ್ಣ ಡಬ್ಬಿ ಬಿಚ್ಚಿ ಒಳಗಿನ ಸಾಮಾನನ್ನು ಬೆರಳಿಂದ ಸರಿಸಿದಳು. ಯುಗಾದಿಯಿಂದ ಅವಳು ತಾನಾಗಿ ಮಾತಾಡಿದ್ದು ಅದೇ ಮೊದಲು.

‘ಅಣ್ಣಾ, ಕತ್ತರಿ ಬಂದಿಲ್ಲ.’

ಇವರು ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು. ‘ಮತ್ತ ಹೋಗಿ ತರಲೇನವ್ವಾ?’ ಎಂದರು, ಬಹಳ ದೀನವಾಗಿ.

ಮೊದಲು ನಕ್ಕದ್ದು ನೀಲವ್ವ. ಸೆರಗು ಬಾಯಿಗೊತ್ತಿಕೊಂಡರೂ ತಡೆಯಲಾಗಲಿಲ್ಲ. ಆಮೇಲೆ ನಾನು, ಆಮೇಲೆ ಇವರು. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ, ಅತ್ತೆ ಮಾತ್ರ ಕಂಬಕ್ಕೆ ಒರಗಿ ನೀರು ಕುಡಿಯುತ್ತಿದ್ದರು. ಈ ಗದ್ದಲದಲ್ಲಿ ಅಂಗಳದ ಕಾರು ಗುರುಗುಟ್ಟುತ್ತಲೇ ಇತ್ತು. ಅದನ್ನು ಯಾರೂ ನೆನೆಸಿರಲಿಲ್ಲ. ಖಾಸೀಮ ಸಾಹೇಬರು ಬಾಗಿಲಿಗೆ ಬಂದು ಹಣಿಕಿ ಹಾಕಿದರು.

‘ಬಂದ್ ಮಾಡಲೇನ್ರಿ?’

ಅತ್ತೆ ತಂಬಿಗೆ ಕೆಳಗಿಟ್ಟು ಬಾಯೊರೆಸಿಕೊಂಡರು.

‘ಮಾಡಪ್ಪಾ. ಇನ್ನ ಯಾರೂ ಎಲ್ಲಿಗೂ ಹೋಗೋದಿಲ್ಲ.’